ಏಳು ಸಲ ಕಲಸಿದ ಎಲೆ

ಇವೆಲ್ಲ ನಡೆದದ್ದು ಹೋದ ವರ್ಷ, ನಾನು ಬಿ.ಎಸ್ಸಿ. ಮುಗಿಸಿ ಹೊಳಲಿನ ಚಿಕ್ಕಪ್ಪನ ಮನೆಯಲ್ಲಿದ್ದ ಮುಂಗಾರಿನಲ್ಲಿ. ಇಸ್ಪೀಟನ್ನು ಸರಿಯಾಗಿ ಕಲಸಿ ಎಂದು ಯಾರಿಗೆ ಹೇಳಿದರೂ ನನಗೆ ಏನಾದರೊಂದು ಆಗುತ್ತಲೇ ಇತ್ತು.

ಹೊಳಲಿನ ಜಗಲಿ

ಚಿಕ್ಕಪ್ಪ ರಮ್ಮಿಗೆ ಕೂತರೆ ಎಲೆಗಳನ್ನು ಎರಡೇ ಸಲ ಕಲಸಿ ಹಂಚಿಬಿಡುತ್ತಾರೆ. ಕಟ್ಟನ್ನು ಎರಡು ಪಾಲು ಮಾಡಿ ಒಂದರೊಳಗೊಂದು ಸೇರಿಸಬೇಕು, ಹಾಗೆ ಏಳು ಸಲ ಮಾಡಿದರೆ ಚೆನ್ನಾಗಿ ಬೆರೆಯುತ್ತವೆ ಎಂದೆ. ಅವರು ಎಲೆ ಕೆಳಗಿಟ್ಟು ನನ್ನ ಮುಖ ನೋಡಿದರು.

“ಗಂಟಿಲ್ದಂಗೆ ತಿರುವಕ್ಕೆ ಇದೇನ್ ರಾಗಿ ಮುದ್ದೇನ್ಲಾ?”

ಮದ್ದೂರಿನ ಭಾವ

ಭಾವನ ಮನೆಯಲ್ಲಿ ರಮ್ಮಿ ಆಟ ಮುಗಿದ ಮೇಲೆ ಜೋಡಿಸಿದ ಎಲೆಗಳನ್ನು ಹಾಗೇ ಬಾಚಿ, ಮೂರು ಮೂರರಂತೆ ಹಂಚುವುದು ವಾಡಿಕೆ. ಎಲ್ಲರಿಗೂ ಒಳ್ಳೆಯ ಕೈ ಬರುತ್ತಿತ್ತು. ಒಂದು ಭಾನುವಾರ ನಾನು ಏಳು ಸಲ ಕಲಸಿ ಒಂದೊಂದೇ ಹಂಚಿದೆ. ಯಾರಿಗೂ ಏನೂ ಕೂಡಲಿಲ್ಲ. ಊಟದ ಹೊತ್ತಾದರೂ ಆಟ ಮುಗಿಯಲಿಲ್ಲ. ನ್ಯಾಯವಾಗಿ ಕಲಸಿದರೆ ಹೀಗೇ ಆಗುವುದು ಎಂದು ವಿವರಿಸಿದೆ. ಭಾವ ಅಕ್ಕನನ್ನು ಕರೆದು, ಇವನನ್ನು ಅಂಗಡಿಗೆ ಕಳಿಸು ಎಂದರು. ಏನು ತರಬೇಕು ಎಂದು ಅಕ್ಕ ಕೇಳಿದಳು.

“ಏನಾರ ತರ್ಲಿ ಬುಡು. ದೂರದ್ ಅಂಗ್ಡಿಗೆ ಕಳ್ಸು.”

ತೂಬಿನ ಮುಂದೆ

ಹೊಳಲಿನಲ್ಲಿ ನಾಲೆಯಿಂದ ನೀರು ಬಿಡುವ ನಮ್ಮ ತೂಬಿಗೆ ಐದು ಮನೆಯ ಗದ್ದೆಗಳಿವೆ. ನಾಲೆಗೆ ನೀರು ಬಿಟ್ಟಾಗ ಸರದಿಯನ್ನು ಇಸ್ಪೀಟಿನಲ್ಲೇ ತೀರ್ಮಾನಿಸುತ್ತಾರೆ. ಮನೆಗೊಂದು ಎಲೆ; ದೊಡ್ಡ ಎಲೆಗೆ ಮೊದಲ ನೀರು, ಎಕ್ಕವೇ ಎಲ್ಲಕ್ಕಿಂತ ದೊಡ್ಡದು. ಚಿಕ್ಕಪ್ಪ ಮಳವಳ್ಳಿಗೆ ಹೋಗಿದ್ದರಿಂದ ಚಿಕ್ಕಮ್ಮ ಬಂದಿದ್ದರು. ನಮ್ಮ ಒಟ್ಲಿನಲ್ಲಿ, ಅಂದರೆ ಸಸಿಮಡಿಯಲ್ಲಿ, ಭತ್ತದ ಪೈರು ಹಳದಿಗೆ ತಿರುಗಿತ್ತು. ಬೇಗ ನೀರು ಸಿಗದಿದ್ದರೆ ನಾಟಿಗೆ ಪೈರೇ ಇಲ್ಲ.

ಪಕ್ಕದ ಗದ್ದೆಯವರು ಎಲೆ ಕಲಸಿದರು. ಚಿಕ್ಕಮ್ಮನಿಗೆ ಎಕ್ಕ ಬಂತು. ಕಲಸಿದವರಿಗೇ ಎಲ್ಲಕ್ಕಿಂತ ಚಿಕ್ಕ ಎಲೆ, ಎರಡು. ಅವರು ನನ್ನ ಕಡೆ ತಿರುಗಿ, ತಾವು ಕಲಸಿದ್ದು ಸರಿಯಿತ್ತೇ ಎಂದು ಕೇಳಿದರು. ಚಿಕ್ಕಮ್ಮ ನನ್ನತ್ತ ಕಣ್ಣು ಬಿಟ್ಟರು. ಮೂರೇ ಸಲ ಕಲಸಿದ್ದು, ಸಾಲದು ಎಂದೆ.

“ಓದಿರೋ ಹೈದ ಹೇಳ್ತಾವ್ನೆ. ಇನ್ನೊಂದ್ ದಪ ಆಗ್ಲಿ,” ಎಂದು ಅವರು ಕಟ್ಟನ್ನು ನನ್ನ ಕೈಗೇ ಕೊಟ್ಟರು.

ಏಳು ಸಲ ಕಲಸಿದೆ. ಪಕ್ಕದ ಗದ್ದೆಯವರಿಗೆ ಎಕ್ಕ ಬಂತು. ಚಿಕ್ಕಮ್ಮನಿಗೆ ಎರಡು.

ಮನೆಗೆ ಬಂದೊಡನೆ ಚಿಕ್ಕಮ್ಮ ತೊಟ್ಟಿಯ ಪಕ್ಕದಿಂದ ಬಿಂದಿಗೆ ತಂದು ನನ್ನ ಮುಂದಿಟ್ಟರು.

“ನಮ್ ಸರದಿ ಬರೋಗಂಟ ಒಟ್ಲುಗೆ ನೀನೇ ನೀರ್ ಉಯ್ಯಿ ಮಗ. ಎಲ್ಲಾ ಕಡೀಕೂ ಒಂದೇ ಸಮ ಬೀಳ್ಬೇಕು ಕಣ್ಲಾ.”

ನಮ್ಮ ಒಟ್ಲಿಗೆ ಒಂದು ಸಲಕ್ಕೆ ತೊಂಬತ್ತೆರಡು ಬಿಂದಿಗೆ ಹಿಡಿಯುತ್ತದೆ.