ಬೆಚ್ಚಗಿನ ತಲೆದಿಂಬು

ಮುರಿಗೆಪ್ಪ ಸಂಜೆ ಆಫೀಸಿನಿಂದ ಬಂದು ಖೋಲಿಯ ಬೀಗ ತೆಗೆದರೆ ತಲೆದಿಂಬು ಬೆಚ್ಚಗಿರುತ್ತಿತ್ತು. ಮುಂಬಯಿಯ ಸೆಕೆಗೆ ಎಲ್ಲವೂ ಬೆಚ್ಚಗಿರುತ್ತದೆ ಎಂದು ಮೊದಮೊದಲು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಸೆಕೆಗೆ ದಿಂಬಿನ ನಡುವೆ ತಲೆಯಗಲದ ಗುಳಿ ಬೀಳುವುದಿಲ್ಲವಲ್ಲ!

ಗ್ರಾಂಟ್ ರೋಡಿನ ಒಂದು ಚಾಳಿನ ತುತ್ತತುದಿಯ ಗಚ್ಚಿಯ ಮೇಲೆ, ನೀರಿನ ಟಾಕಿಯ ಪಕ್ಕ ಒಂಟಿಯಾಗಿದ್ದ ಖೋಲಿ ಅದು. ಕೊಡಿಸಿದ ಏಜೆಂಟ್ ಪೂವಪ್ಪ ಮೊದಲೇ ಹೇಳಿದ್ದ: "ಇಲ್ಲಿ ಒಬ್ರು ಅಜ್ಜಿ ಇದ್ದದ್ದು, ತೀರಿಹೋದ್ರು. ಆ ಮೂಲೆಯ ಟ್ರಂಕು ಅವರದ್ದು. ಮುಟ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ."

ಮುರಿಗೆಪ್ಪ ಮುಟ್ಟಲಿಲ್ಲ. ಆದರೆ ಅಜ್ಜಿ ಸುಮ್ಮನಿರಬೇಕಲ್ಲ? ಕಿಟಕಿಯ ಸಂದಿಯಲ್ಲಿ ದಿನಾ ಒಂದು ಉಂಡೆ ನರೆಗೂದಲು, ಹೆಂಗಸರು ತಲೆ ಬಾಚಿಕೊಂಡು ಸುತ್ತಿ ಸಿಕ್ಕಿಸುತ್ತಾರಲ್ಲ, ಹಾಗೆ. ಎಸೆದರೆ ಮರುದಿನ ಮತ್ತೆ ಅಲ್ಲೇ ಹಾಜರು. ಸಾಲದ್ದಕ್ಕೆ ಕೆಳಗಿನ ಮನೆಯ ಬಸಲಿಂಗವ್ವ ಮೆಟ್ಟಿಲಲ್ಲೇ ಅಡ್ಡಗಟ್ಟಿ ಕೇಳಿದಳು: "ಏ ತಮ್ಮಾ, ನೀ ಆಫೀಸಿಗೆ ಹೋದ ಮ್ಯಾಲೂ ನಿನ್ನ ಖೋಲ್ಯಾಗ ಯಾರೋ ಕೆಮ್ಮತಾರಲ್ಲೋ!"

"ಪಾರಿವಾಳ ಇರಬೇಕವ್ವಾ."

"ಪಾರಿವಾಳ ಎಲ್ಲೆರ ಕೆಮ್ಮತಾವೇನೋ?"

ಖೋಲಿ ಬಿಟ್ಟು ಓಡಿಹೋಗುವಂತೆಯೂ ಇರಲಿಲ್ಲ. ಬೆಳಗಾವಿ ಕಡೆಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ್ದ ಅರಿವೆ ವ್ಯಾಪಾರಿ ಸಿದ್ದರಾಮಪ್ಪ ತನ್ನ ಮಗಳು ನೀಲಾವತಿಯನ್ನು ಕೊಡಲು ಮನಸ್ಸು ಮಾಡಿದ್ದು ಮುರಿಗೆಪ್ಪನ ಮುಖ ನೋಡಿ ಅಲ್ಲ, ಖೋಲಿ ಇದೆಯೆಂದು. ಮುರಿಗೆಪ್ಪನಿಗಂತೂ ಅವಳ ಫೋಟೋ ಕಂಡಂದಿನಿಂದ ಬೇರೆ ಧ್ಯಾನವೇ ಇಲ್ಲ. ಕಡೆಗೆ ಅಜ್ಜಿಯ ಜೊತೆ ರಾಜಿಗೇ ಇಳಿದ. ಬೆಳಿಗ್ಗೆ ಹೊರಡುವಾಗ ದಿಂಬಿನ ಪಕ್ಕ ಒಂದು ಬಾಳೆಹಣ್ಣು ಇಡುವನು. ಸಂಜೆ ಬಂದರೆ ಬರೀ ಸಿಪ್ಪೆ. ಹೆದರಿಕೆಯ ಜೊತೆಜೊತೆಗೇ ಒಂದು ಬಗೆಯ ಸಲಿಗೆಯೂ ಬೆಳೆಯಿತು.

ಶನಿವಾರ ಆಫೀಸಿನಿಂದ ನೇರ ಜೋಗೇಶ್ವರಿಯ ಸೋದರಮಾವನ ಮನೆಗೆ ಹೋಗಿ ಭಾನುವಾರ ಸಂಜೆ ಮರಳುವುದು ಅವನ ರೂಢಿ. ಆ ಭಾನುವಾರ ಮಾತ್ರ ಮಾವನ ಮನೆಯಿಂದ ನೀಲಾವತಿಯನ್ನು ಕಾಣಲು ಹೊರಟ. ಡ್ರಾಯಿಂಗ್ ಕಲಿಯುತ್ತಿದ್ದ ಹುಡುಗಿ, ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಲ್ಲಲಾರೆ, ಚಿತ್ರಪ್ರದರ್ಶನದಲ್ಲಿ ಭೇಟಿಯಾಗುತ್ತೇನೆ ಎಂದು ಹಟ ಹಿಡಿದಿದ್ದಳು. ಕಾವಲಿಗೆ ಅಪ್ಪನೂ ಜೊತೆಗೆ ಬಂದಿದ್ದ.

ಆರು ಜನ ಹೊಸ ಚಿತ್ರಗಾರರು ಸೇರಿ ನಡೆಸಿದ ಪ್ರದರ್ಶನ. ವಿಷಯ 'ಸಲಿಗೆ ಮತ್ತು ನೆನಪು'. ಒಬ್ಬ ತಾಯಿಯ ಸೆರಗು ಬರೆದಿದ್ದ, ಇನ್ನೊಬ್ಬ ಬರಿಯ ತೊಟ್ಟಿಲು. ಮುರಿಗೆಪ್ಪ ಎಲ್ಲದಕ್ಕೂ "ಛಲೋ ಅದ" ಎನ್ನುತ್ತ, ಚಿತ್ರ ಬಿಟ್ಟು ನೀಲಾವತಿಯನ್ನು ನೋಡುತ್ತ ಸಾಗಿದ್ದ. ಕೊನೆಯ ಗೋಡೆಯ ಮುಂದೆ ಗಕ್ಕನೆ ನಿಂತ.

ಗೋಡೆಯ ಮೇಲಿದ್ದದ್ದು ಅವನ ಖೋಲಿ. ಅವನ ಮಂಚ, ಗುಳಿ ಬಿದ್ದ ಅವನ ದಿಂಬು, ಕಿಟಕಿಯ ಸಂದಿಯಲ್ಲಿ ಆ ಕೂದಲುಂಡೆ. ದಿಂಬಿನ ಪಕ್ಕ ಹಳದಿಯಾಗಿ ಹೊಳೆಯುವ ಬಾಳೆಹಣ್ಣು. ಚಿತ್ರದ ಹೆಸರು 'ನನ್ನ ಅಜ್ಜಿ'.

"ಯಾವುದೋ ಹಾಳ ಖೋಲಿ," ಎಂದ ಸಿದ್ದರಾಮಪ್ಪ.

ಕನ್ನಡ ಕೇಳಿ ಬೋಳುತಲೆಯ ತರುಣನೊಬ್ಬ ಓಡಿಬಂದ. ಚಿತ್ರ ಬರೆದವನೇ ಅವನು, ಉಡುಪಿ ಕಡೆಯ ಶೇಖರ. ಹೊಟ್ಟೆಪಾಡಿಗೆ ರಾತ್ರಿಪಾಳಿಯಲ್ಲಿ ಪ್ರೆಸ್ಸಿನ ಕೆಲಸ.

"ಹಾಳು ಅಲ್ಲ ಮಾರಾಯ್ರೆ, ನಾನಿರುವ ಖೋಲಿ ಅದು. ತೀರಿಹೋದ ಅಜ್ಜಿ ಒಬ್ರು ಇದ್ದಾರೆ ಅದರಲ್ಲಿ. ಬೆಳಿಗ್ಗೆ ನಾನು ಹೋಗಿ ಮಲಗುವಾಗ ಹಾಸಿಗೆ ಬೆಚ್ಚಗಿರ್ತದೆ. ದಿನಾ ನನಗೊಂದು ಬಾಳೆಹಣ್ಣು ಇಟ್ಟಿರ್ತಾರೆ. ಸಣ್ಣಂದಿನಿಂದ ನನಗೆ ಯಾರೂ ಹಾಗೆ ಇಟ್ಟದ್ದಿಲ್ಲ." ನೀಲಾವತಿ ಕಣ್ಣೊರೆಸಿಕೊಂಡಳು.

ಮುರಿಗೆಪ್ಪನಿಗೆ ಈಗ ಎಲ್ಲ ಹೊಳೆಯಿತು. ಒಂದೇ ಖೋಲಿಯನ್ನು ಹಗಲಿಗೊಬ್ಬ, ರಾತ್ರಿಗೊಬ್ಬ ಎಂದು ಇಬ್ಬರಿಗೂ ಕೊಟ್ಟು, ಇವನ ಟ್ರಂಕು ಅವನಿಗೆ, ಅವನ ಟ್ರಂಕು ಇವನಿಗೆ ತೋರಿಸಿ ಅಜ್ಜಿಯ ಕತೆ ಕಟ್ಟಿದ್ದಾನೆ ಪೂವಪ್ಪ! ಬಾಯಿ ಮುಚ್ಚಿಕೊಂಡಿದ್ದರೆ ಖೋಲಿಯ ಮಾನ ಉಳಿಯುತ್ತಿತ್ತು. ಆದರೆ ನೀಲಾವತಿ ಅತ್ತದ್ದು ತನ್ನ ಬಾಳೆಹಣ್ಣಿಗೆ, ಅದರ ಪುಣ್ಯ ಯಾವುದೋ ಮುದುಕಿಗೆ ಹೋಗುವುದೆಂದರೆ ಅವನಿಂದ ತಡೆಯಲಾಗಲಿಲ್ಲ.

"ಆ ಅಜ್ಜಿ ನಾನರೀ!" ಎಂದು ಕೂಗಿದ.

ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುರಿಗೆಪ್ಪ ತೊದಲುತ್ತ ಎಲ್ಲವನ್ನೂ ಬಿಡಿಸಿ ಹೇಳಿದ. ಕೇಳಿ ಮುಗಿಸಿದ ಶೇಖರ "ಅಜ್ಜೀ!" ಎಂದು ಅವನನ್ನು ತಬ್ಬಿಕೊಂಡ.

"ಅಂದ್ರ ನಿಮ್ಮದು ಅರ್ಧ ಖೋಲಿ ಆತಲ್ರೀ," ಎಂದು ಸಿದ್ದರಾಮಪ್ಪ ಹುಬ್ಬು ಗಂಟಿಕ್ಕಿದ.

"ಅರ್ಧ ಎಂಥದ್ದು? ಪೂರ್ತಿ ಅವರೇ ಇಟ್ಕೊಳ್ಳಲಿ," ಎಂದ ಶೇಖರ. "ಅವರ ಅಷ್ಟು ಬಾಳೆಹಣ್ಣು ತಿಂದಿದ್ದೇನೆ. ನಿನ್ನೆ ಬೆಳಿಗ್ಗೆ ಪ್ರೆಸ್ಸಿಂದ ಸೀದಾ ಇಲ್ಲಿಗೇ ಬಂದವ, ಚಿತ್ರ ತೂಗುಹಾಕುವ ಗಡಿಬಿಡಿಯಲ್ಲಿ ಆ ಕಡೆ ಹೋಗಲೇ ಇಲ್ಲ. ಇನ್ನು ಹೋಗುದಿಲ್ಲ, ಆಯ್ತಲ್ಲ?"

"ಹಂಗಾದ್ರ ಅಡ್ಡಿಯಿಲ್ಲ," ಎಂದ ಸಿದ್ದರಾಮಪ್ಪ. ನೀಲಾವತಿ ಮೊದಲ ಸಲ ಮುರಿಗೆಪ್ಪನ ಕಡೆ ನೋಡಿ ನಕ್ಕಳು. ಅವನಿಗೆ ಹುಟ್ಟಿದ್ದು ಸಾರ್ಥಕ ಎನಿಸಿತು. ಅವಳು ಮತ್ತೆ ಚಿತ್ರದತ್ತ ತಿರುಗಿದಳು.

"ಲೇಕಿನ್ ಅಪ್ಪಾ... ಈ ವೈಟ್ ಕೂದಲು ಯಾರದು?"

ಮುರಿಗೆಪ್ಪ ಶೇಖರನ ತಲೆ ನೋಡಿದ: ಸುಲಿದ ತೆಂಗಿನಕಾಯಿ. ಶೇಖರ ಮುರಿಗೆಪ್ಪನ ತಲೆ ನೋಡಿದ: ಗಿಡ್ಡ ಕರಿಗೂದಲು.

"ನಾನು ದಿನಾ ಬೆಳಿಗ್ಗೆ ಎಸೀತೇನೆ," ಎಂದ ಶೇಖರ ಮೆಲ್ಲಗೆ.

"ನಾ ದಿನಾ ರಾತ್ರಿ ಒಗೀತೀನಿ," ಎಂದ ಮುರಿಗೆಪ್ಪ.

ಸಿದ್ದರಾಮಪ್ಪ ಹುಟ್ಟಾ ವ್ಯಾಪಾರಿ. "ಅರ್ಧ ಇದ್ರೂ ನಡೀತಿತ್ತು. ಮೂರನೇ ಪಾಲಿನಾಕಿ ಬಾಡಿಗಿನೂ ಕೊಡಂಗಿಲ್ಲ, ಬಿಟ್ಟೂ ಹೋಗಂಗಿಲ್ಲ. ನಡಿಯವ್ವಾ!" ಎಂದು ಮಗಳ ಕೈ ಹಿಡಿದು ನಡೆದೇಬಿಟ್ಟ. ಬಾಗಿಲಲ್ಲಿ ಅವಳು ಒಮ್ಮೆ ಹಿಂತಿರುಗಿದಳು, ನೋಡಿದ್ದು ಚಿತ್ರವನ್ನು.

ಶೇಖರ ತನ್ನ ಬೀಗದ ಕೈಯನ್ನು ಮುರಿಗೆಪ್ಪನ ಅಂಗೈಗೆ ತುರುಕಿ ಗುಂಪಿನಲ್ಲಿ ಕರಗಿಹೋದ.

ಸಂಜೆ ಮುರಿಗೆಪ್ಪ ಗಚ್ಚಿ ಹತ್ತಿದ. ಮಾವನ ಮನೆಗೆ ಮರಳಲು ಮುಖವಿರಲಿಲ್ಲ, ಹೋಗಲು ಬೇರೆ ಜಾಗವೂ ಇರಲಿಲ್ಲ. ಖೋಲಿ ಈಗ ಪೂರ್ತಿ ಅವನದು, ಕಾಲಿಡುವವಳು ಮಾತ್ರ ಇಲ್ಲ. ಬೀಗ ತೆಗೆದ. ನಿನ್ನೆ ಬೆಳಿಗ್ಗೆ ಇಟ್ಟ ಬಾಳೆಹಣ್ಣು ಕಪ್ಪಾಗಿ ಹಾಗೇ ಬಿದ್ದಿತ್ತು. ದಿಂಬು ಮುಟ್ಟಿದ.

ಬೆಚ್ಚಗಿತ್ತು.

ಹೆದರಿಕೆಯಲ್ಲೂ ಅವನು ಮರ್ಯಾದೆ ಬಿಡಲಿಲ್ಲ. ಮಂಚದಿಂದ ದೂರ ಸರಿದು ಕೈಮುಗಿದು ಕೇಳಿದ: "ಅವ್ವಾ, ನಿಮಗ ಬಾಳೆಹಣ್ಣು ಸೇರಂಗಿಲ್ಲೇನ್ರೀ?"

ಟ್ರಂಕಿನ ಕಡೆಯಿಂದ ಯಾರೋ ಕೆಮ್ಮಿದರು. ಪಾರಿವಾಳವಂತೂ ಅಲ್ಲ.