ಚೆಂಡು ಬಿಟ್ಟ ಮೇಲಿನ ಕೈ

ಡ್ರಿಲ್ ಮಾಸ್ತರನಾದವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ದಿನಾ ಮೈದಾನಕ್ಕೆ ಬಂದು ಹಾಜರಿ ಹಾಕುತ್ತದೆ. ನಾನು ಲಿಂಗಸೂಗೂರಿನ ಶಾಲೆಯಲ್ಲಿದ್ದಾಗ, ಸಿಂಧನೂರಿನ ಕಾಲುವೆ ಕ್ಯಾಂಪಿಗೆ ಅಮೆರಿಕೆಯಲ್ಲಿ ತರಬೇತಿ ಪಡೆದ ಎಂಜಿನಿಯರ್ ಒಬ್ಬರು ಬಂದರು. ಬರುವಾಗ ಮೋಸಂಬಿಗಿಂತ ದೊಡ್ಡದಾದ ಚೆಂಡೊಂದನ್ನೂ ಸಾಫ್ಟ್‌ಬಾಲ್ ಎಂಬ ಆಟವನ್ನೂ ತಂದಿದ್ದರು. ಸಿಂಧನೂರು, ಮಸ್ಕಿ, ಲಿಂಗಸೂಗೂರು ಮೂರೂ ಊರಲ್ಲಿ ತಂಡ ಕಟ್ಟಿಸಿ, ಎಸೆತ ಕಲಿಸುವ ಕೆಲಸ ನನಗೆ ಒಪ್ಪಿಸಿದರು.

“ನನಗ ವರ್ಗ ಆಗೇದ ಮಾಸ್ತರ. ಗೆದ್ದ ಊರಿಗೆ ಈ ಚೆಂಡು ಬಿಟ್ಟು ಹೋಗ್ತೀನಿ” ಎಂದು ಒಂದು ದಿನ ಎಂಜಿನಿಯರು ಹೇಳಿದರು.

ನನ್ನ ಶಾಲೆಯ ಹುಡುಗರು ಚಿಂದಿ ಸುತ್ತಿದ ಚೆಂಡಿನಲ್ಲಿ ಆಡುತ್ತಿದ್ದರು. ಈ ಚೆಂಡು ನಮಗೇ ಬರಬೇಕೆಂದು ನನಗೆ ವಿಪರೀತ ಆಸೆ.

ಎಸೆಯುವ ರೀತಿ ಹೀಗೆ: ತೋಳು ನೆಟ್ಟಗೆ ಒಂದು ಸುತ್ತು ತಿರುಗಬೇಕು. ಕೆಳಗೆ ತೊಡೆ ಸವರಿ ಬರುವಾಗ ಮಣಿಕಟ್ಟು ಝಾಡಿಸಿ ಚೆಂಡು ಬಿಡಬೇಕು. ಬಿಟ್ಟ ಮೇಲೂ ಕೈ ತಡೆಯಬಾರದು, ಅದರ ಪಾಡಿಗೆ ಮೇಲೆ ಹೋಗಲು ಬಿಡಬೇಕು. ತೊಂದರೆಯಿದ್ದದ್ದು ಈ ಕೊನೆಯ ಮಾತಿನಲ್ಲೇ. ಬಿಟ್ಟ ಕೈ ಅವರವರ ರೂಢಿಯ ಕಡೆಗೇ ಓಡುತ್ತಿತ್ತು.

ಕವಣೆಯ ಕೈ

ಸಿಂಧನೂರು ತಂಡದಲ್ಲಿ ಗೊರೇಬಾಳದ ರೈತನೊಬ್ಬನಿದ್ದ. ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಿದ ತೋಳು ಅವನದು. ಒಂದು ಸುತ್ತು ಎಂದು ನಾನು ಹೇಳಿದರೆ ಅವನು ಸುತ್ತಿನ ಮೇಲೆ ಸುತ್ತು ಬೀಸಿ, “ಹೋ ಹೋ” ಎಂದು ಕೂಗಿ ಬಿಟ್ಟ. ಚೆಂಡು ಬ್ಯಾಟ್ ಹಿಡಿದವನ ತಲೆಯ ಮೇಲೆ ಹಾರಿ ಹಿಂದಿನ ಬೇವಿನ ಮರ ಹೊಕ್ಕಿತು.

“ಬ್ಯಾಟ್ ಹಿಡದಾವ ಇಲ್ಲಿ ನಿಂತಾನ, ನೀ ಎತ್ತಾಗ ಒಗದಿಯಪಾ?” ಎಂದೆ.

ಅವನು ಮರವನ್ನು ಸಮಾಧಾನದಿಂದ ನೋಡಿದ. “ಒಗತ ಬರೋಬ್ಬರಿ ಐತ್ರಿ ಮಾಸ್ತರ. ಗಿಡದಾಗ ಒಂದರ ಗುಬ್ಬಿ ಉಳದೈತೇನು ನೋಡ್ರಿ.”

ಎಡಗೈ

ಮಸ್ಕಿಯ ಎಸೆತಗಾರರು ಬಟ್ಟೆ ಅಂಗಡಿಯ ಸಾಹುಕಾರರು. ಎಡಗೈಯವರು, ಮೂರೂ ಊರಲ್ಲಿ ಅಂಥ ಎಸೆತ ಇನ್ನೊಂದಿರಲಿಲ್ಲ. ನಮ್ಮ ಮೇಲೆ ಪಂದ್ಯಕ್ಕೆ ಬಂದಾಗ ಮೊದಲು ಬ್ಯಾಟ್ ಹಿಡಿದವರು ನಮ್ಮೂರ ಕಿರಾಣಿ ಅಂಗಡಿಯ ಹಿರಿಯರು. ಚೆಂಡು ಬಂದರೂ ಅವರು ಬ್ಯಾಟನ್ನು ನೆಲಕ್ಕೆ ಊರಿ ಸುಮ್ಮನೆ ನಿಂತರು.

“ಯಾಕ್ರೀ ಹೊಡೀಲಿಲ್ಲ?” ಎಂದೆ.

“ಎಡಗೈಲೆ ಕೊಟ್ಟದ್ದು ನಾ ಯಾಕ ತಗೊಳ್ಳಲಿ?”

ಸಾಹುಕಾರರು ನಾಚಿಕೊಂಡು, “ತಪ್ಪಾತ್ರೀ ಅಣ್ಣಾರ” ಎಂದು ಬಲಗೈಯಲ್ಲಿ ಎಸೆದರು. ಚೆಂಡು ಅರ್ಧ ದಾರಿಗೆ ಉರುಳಿ ಬಂದು ನಿಂತಿತು. ಹಿರಿಯರು ನಡೆದುಹೋಗಿ ಅದನ್ನೆತ್ತಿ, ಎರಡೂ ಕೈ ಜೋಡಿಸಿ ಸಾಹುಕಾರರಿಗೇ ವಾಪಸು ಕೊಟ್ಟು, “ಹಿಂಗ ಕೊಡಬೇಕ್ರಿ” ಎಂದರು.

ಸಲಾಮಿನ ಕೈ

ಸಾಹುಕಾರರು ಆಮೇಲೆ ಎಡಗೈ ಎತ್ತಲೇ ಇಲ್ಲ, ಮಸ್ಕಿ ಸೋತಿತು. ಉಳಿದದ್ದು ಸಿಂಧನೂರು. ನಮ್ಮ ಎಸೆತಗಾರ ನಮ್ಮೂರ ತಾಲ್ಲೂಕು ಕಚೇರಿಯ ಹಳೆಯ ಜವಾನ. ನಿಜಾಮರ ಕಾಲದಿಂದ ಸಾಹೇಬರಿಗೆ ಸಲಾಂ ಹೊಡೆದು ಪಳಗಿದವನು. ಚೆಂಡು ಬಿಟ್ಟ ಮೇಲೆ ಅವನ ಕೈ ಮೇಲೇರಿ ನೇರ ಹಣೆಗೆ ಹೋಗುತ್ತಿತ್ತು, ಜೊತೆಗೆ ಸೊಂಟವೂ ಬಾಗುತ್ತಿತ್ತು. ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದೆ.

ಪಂದ್ಯದ ಕೊನೆಗೆ ನಾವು ಒಂದೇ ರನ್ ಮುಂದಿದ್ದೆವು. ಸಿಂಧನೂರಿನ ಕೊನೆಯ ಆಟಗಾರರಾಗಿ ಬ್ಯಾಟ್ ಹಿಡಿದು ಬಂದವರು ಅಲ್ಲಿಯ ತಹಸೀಲ್ದಾರರು, ಭಾರಿ ಹೊಡೆತದವರು. ಅವರ ಕಡೆಯ ಇಬ್ಬರು ಆಗಲೇ ರನ್ನಿಗೆ ಓಡಲು ಸಜ್ಜಾಗಿ ನಿಂತಿದ್ದರು, ಒಂದು ಹೊಡೆತ ಬಿದ್ದರೆ ಚೆಂಡು ಸಿಂಧನೂರಿಗೆ. ಮೂರು ಎಸೆತ ಹೊಡೆಯದೆ ಬಿಟ್ಟರೆ ಅವರು ಔಟ್, ಚೆಂಡು ನಮಗೆ.

ಮೊದಲ ಎಸೆತಕ್ಕೆ ಜವಾನನ ಕೈ ಹಣೆ ಮುಟ್ಟಿತು. ತಹಸೀಲ್ದಾರರ ಬಲಗೈ ಬ್ಯಾಟ್ ಬಿಟ್ಟು ತಾನೇ ಎದ್ದು ಸಲಾಂ ಸ್ವೀಕರಿಸಿತು. ಚೆಂಡು ಪಕ್ಕದಲ್ಲೇ ದಾಟಿ ಹೋಯಿತು. ಎರಡನೆಯದೂ ಹಾಗೇ ಆಯಿತು.

ತಹಸೀಲ್ದಾರರು ಕೆಂಪಾದರು. “ಏ, ಇನ್ನೊಮ್ಮೆ ಸಲಾಂ ಮಾಡಿದ್ರ ನೋಡು.”

“ಇಲ್ರೀ ಹುಜೂರ್, ಮಾಡಂಗಿಲ್ಲ” ಎಂದ ಜವಾನ.

ಕೈ ತಡೆದರೆ ಎಸೆತದ ಜೀವವೇ ಹೋಗುತ್ತದೆ. ಆದದ್ದೂ ಅದೇ. ಅವನು ಚೆಂಡು ಬಿಟ್ಟವನೇ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೆಟ್ಟಗೆ ನಿಂತ. ಚೆಂಡು ಕೂಸು ಕೂಡ ಹೊಡೆಯುವಷ್ಟು ನಿಧಾನವಾಗಿ ಬಂತು.

ತಹಸೀಲ್ದಾರರು ಚೆಂಡು ನೋಡಲೇ ಇಲ್ಲ. ಜವಾನನನ್ನೇ ದುರುಗುಟ್ಟಿ ನೋಡಿ, “ಸಾಹೇಬನ ಮುಂದ ಹಿಂಗ ನಿಲ್ತಾರೇನೋ?” ಎನ್ನುವಷ್ಟರಲ್ಲಿ ಚೆಂಡು ದಾಟಿತ್ತು.

“ಔಟ್” ಎಂದರು ಅಂಪೈರ್ ಆಗಿ ನಿಂತಿದ್ದ ಎಂಜಿನಿಯರು.

ಜವಾನ ಕಟ್ಟಿದ ಕೈ ಬಿಡದೆ, ಮೆಲ್ಲಗೆ ಕೇಳಿದ: “ಈಗ ಮಾಡ್ಲೇನ್ರೀ ಹುಜೂರ್?”