ದೇವರಾಜು ಕೈ ಮುಗಿದ ಫೋಟೊ

"ನಿಲ್ಸೇ! ಅಲ್ಲೇ ನಿಲ್ಸು! ಥೂ, ಹೋಯ್ತು."

"ನೀವು ಕೂಗೋ ಹೊತ್ಗೆ ಅದು ಮುಂದಕ್ಕೆ ಹೋಗಿರ್ತದೆ ಕಣ್ರೀ. ಕೋಳಿ ಹಿಡಿಯೋರಂಗೆ ಕೂಗ್ಬ್ಯಾಡಿ."

ಚನ್ನಪಟ್ಟಣದ ಪಕ್ಕದ ಹಳ್ಳಿಯ ಡೈರಿ ಸೆಕ್ರೆಟರಿ ದೇವರಾಜು, ಹೆಂಡತಿ ಪ್ರತಿಮಾಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಬೆಳಗಿನಿಂದ ತನ್ನದೇ ಮುಖಕ್ಕೆ ಹೊಂಚು ಹಾಕುತ್ತಿದ್ದ. ಡೈರಿಯ ಹೊಸ ಕಟ್ಟಡದ ಫ್ಲೆಕ್ಸಿಗೆ ಅವನು ಕೈ ಮುಗಿದಿರುವ ಫೋಟೊ ಮಧ್ಯಾಹ್ನದೊಳಗೆ ಹೋಗಬೇಕು. ಹೋಗದಿದ್ದರೆ ಆ ಜಾಗದಲ್ಲಿ ಡೈರೆಕ್ಟರ್ ಮಹೇಂದ್ರ ಹಲ್ಲು ಕಿರಿಯುತ್ತಾನೆ. ಹೊಸದಾಗಿ ತೆಗೆಸೋಣವೆಂದರೆ ಮೊನ್ನೆ ತಾನೇ ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು ಬಂದಿದ್ದಾನೆ, ಮೀಸೆಯೂ ಹೋಗಿದೆ. ಮೀಸೆಯಿಲ್ಲದೆ ಫ್ಲೆಕ್ಸ್ ಏರುವುದಕ್ಕಿಂತ ಊರು ಬಿಡುವುದೇ ವಾಸಿ ಎಂದು ಅವನ ತೀರ್ಮಾನ. ಉಳಿದದ್ದು ಮನೆ ಒಕ್ಕಲಿನ ವಿಡಿಯೊ ಒಂದೇ. ಅದನ್ನು ಸರಿಯಾದ ಕಡೆ ನಿಲ್ಲಿಸಿ ಒಂದು ಚಿತ್ರ ಉಳಿಸಿಕೊಳ್ಳಬೇಕು.

"ಇದ್ ನೋಡಿ, ಮುಖ ನೆಟ್ಟಗೆ ಬಂದೈತೆ."

"ಬಾಯ್ತುಂಬ ಒಬ್ಬಟ್ಟೈತಲ್ಲೇ!"

"ಇದು?"

"ಕಣ್ ಮುಚ್ಕಂಡಿವ್ನಿ."

"ಧ್ಯಾನ ಮಾಡ್ತಾವ್ರೆ ಅನ್ಕತಾರೆ ಬುಡಿ."

"ಡೈರೀಲಿ ನಿದ್ದೆ ಹೊಡೀತಾನೆ ಅಂತಾನೆ ಆ ಮಹೇಂದ್ರ. ಮುಂದಕ್ ಓಡ್ಸು."

"ಇಲ್ಲಿ ಕೈ ಮುಗ್ದಂಗೈತೆ."

"ಅದು ಸೊಳ್ಳೆ ಹೊಡೀತಿರೋದು ಕಣೇ!"

ಪ್ರತಿಮಾ ಇನ್ನಷ್ಟು ಓಡಿಸಿ ತಟ್ಟನೆ ನಿಲ್ಲಿಸಿದಳು. ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ಕಣ್ಣು ತುಂಬಿ ನಿಂತಿದ್ದ ತನ್ನನ್ನು ನೋಡಿ ದೇವರಾಜುವಿಗೆ ತನ್ನ ಮೇಲೆ ತನಗೇ ಗೌರವ ಬಂತು.

"ಇದೇ ಕಣೇ! ಏನ್ ಕಳೆ, ಏನ್ ವಿನಯ! ಯಾವಾಗಿಂದೇ ಇದು?"

"ಹಾಲು ಉಕ್ಸೋ ಹೊತ್ಗೆ ಹಾಲೇ ತರ್ದೆ ಬಂದಿದ್ರಲ್ಲ, ಆವಾಗಿಂದು. ಡೈರಿ ಸೆಕ್ರೆಟ್ರಿ ಮನೇಲೇ ಹಾಲಿಲ್ವಾ ಅಂತ ನಾನು ಬೆರಳು ಎತ್ತಿ ಉಗೀತಿದ್ದೆ. ನೆಂಟ್ರ ಮುಂದೆ ಮಾನ ಕಳೀಬ್ಯಾಡ ಕಣೇ ಅಂತ ಕೈ ಮುಗಿದ್ರಿ. ಎದುರ್ಗೆ ನಾನೇ ನಿಂತಿವ್ನಿ ನೋಡಿ."

"ಸರಿ, ನಿನ್ನ ತೆಗ್ದಾಕು."

"ಏನಂದ್ರಿ?"

"ಫೋಟೊದಿಂದ ಕಣವ್ವ, ಫೋಟೊದಿಂದ!"

ಪ್ರತಿಮಾ ಹುಬ್ಬು ಗಂಟಿಕ್ಕಿಕೊಂಡೇ ಚಿತ್ರದಿಂದ ತನ್ನನ್ನು ಕತ್ತರಿಸಿ, ಗಂಡನನ್ನಷ್ಟೇ ಉಳಿಸಿ, ಫ್ಲೆಕ್ಸ್ ಅಂಗಡಿಯ ಬಾಬಾಜಾನ್‌ಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಅವನ ಫೋನೇ ಬಂತು. ಹೊಗಳಿಕೆ ಹೆಂಡತಿಗೂ ಕೇಳಲಿ ಎಂದು ದೇವರಾಜು ಸ್ಪೀಕರ್ ಹಾಕಿದ.

"ಅಣ್ಣ, ಫೋಟೊ ಅಂದ್ರೆ ಇದು! ಇಂಥ ಭಕ್ತೀನ ನಾನು ಯಾರ್ ಮುಖದಲ್ಲೂ ನೋಡಿಲ್ಲ. ಆದ್ರೆ ಎದುರ್ಗಿರೋ ದೇವ್ರನ್ನ ಯಾಕಣ್ಣ ಕಟ್ ಮಾಡ್ಬುಟ್ರಿ? ಬರೀ ಬೆರಳು ಉಳ್ಕಂಡೈತೆ. ದೇವ್ರ ಸಮೇತ ಕಳ್ಸಿ, ಫ್ಲೆಕ್ಸಿಗೆ ಒಂದ್ ಲಕ್ಷಣ ಬತ್ತದೆ."

"ಅಯ್ಯೋ, ಬ್ಯಾಡ ಕಣಪ್ಪ, ಅದು ದೇವ್ರಲ್ಲ..."

ಅಷ್ಟರಲ್ಲಿ ಪ್ರತಿಮಾ ಫೋನ್ ಕಿತ್ತುಕೊಂಡಳು.

"ಈಗ್ಲೇ ಕಳಿಸ್ತೀನಿ ಬಾಬಾಜಾನಣ್ಣ. ದೇವ್ರು ಒಸಿ ದೊಡ್ಡದಾಗೇ ಬರ್ಲಿ. ಜಾಗ ಸಾಲ್ದಿದ್ರೆ ಭಕ್ತನ್ನ ಕಟ್ ಮಾಡಿ."